ಗುಳೆ ಮತ್ತು ವಲಸೆ: ಹಗರಿ ದಂಡೆಯ ಎರಡು ಚಲನೆಗಳ ಚರಿತ್ರೆ

ಬಳ್ಳಾರಿ ಸೀಮೆಯಲ್ಲಿ ಊರು ಬಿಟ್ಟು ಹೋಗುವುದಕ್ಕೆ ಎರಡು ಹೆಸರುಗಳಿವೆ: ಒಂದು ಗುಳೆ, ಇನ್ನೊಂದು ವಲಸೆ. ಸರ್ಕಾರಿ ಕಾಗದಪತ್ರಗಳಲ್ಲಿಯೂ ಪತ್ರಿಕಾ ವರದಿಗಳಲ್ಲಿಯೂ ಇವೆರಡನ್ನು ಒಂದರ ಬದಲಿಗೆ ಇನ್ನೊಂದನ್ನಿಟ್ಟು ಬರೆಯುವುದು ರೂಢಿಯಾಗಿದ್ದರೂ, ಈ ನೆಲದ ಚರಿತ್ರೆಯಲ್ಲಿ ಅವು ಬೇರೆ ಬೇರೆ ಕಾರಣಗಳಿಂದ ಹುಟ್ಟಿ ಬೇರೆ ಬೇರೆ ದಾರಿಗಳಲ್ಲಿ ಬೆಳೆದ ಎರಡು ಚಲನೆಗಳು. ಸುಮಾರು ಒಂದೂವರೆ ಶತಮಾನ ಈ ಸೀಮೆಯನ್ನು ಆಳಿದ ಇಂಗ್ಲಿಷ್ ಅಧಿಕಾರಿಗಳ ಬಳಿಯೂ ಇಂಥ ಒಂದು ಜೋಡಿಪದವಿತ್ತು. ಜನ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದನ್ನೆಲ್ಲ ಅವರು ಮೈಗ್ರೇಷನ್ ಎಂದು ಕರೆದರು, ಹಾಗೆ ಸಾಗುವವರು ಒಂದು ರಾಜ್ಯದ ಅಥವಾ ಜಿಲ್ಲೆಯ ಗಡಿ ದಾಟಿ ಹೊರಗೆ ಹೋದಾಗ ಅದನ್ನು ಎಮಿಗ್ರೇಷನ್ ಎಂದು ಬರೆದುಕೊಂಡರು. ಇಂಗ್ಲಿಷಿನ ಜೋಡಿ ಗಡಿಯನ್ನು ನೋಡಿ ವ್ಯತ್ಯಾಸ ಮಾಡಿದರೆ, ಬಳ್ಳಾರಿಯ ಜೋಡಿ ನೋಡುವುದು ಮರಳಿ ಬರುವುದನ್ನು. ಹೋದವರು ಗಡಿ ದಾಟಿದರೇ ಎಂಬುದಕ್ಕಿಂತ ಅವರ ಮನೆಯ ಬಾಗಿಲು ಮುಂಗಾರಿಗೆ ಮತ್ತೆ ತೆರೆಯುತ್ತದೆಯೇ ಎಂಬುದೇ ಇಲ್ಲಿನವರಿಗೆ ಮುಖ್ಯವಾಗಿತ್ತು.

ಈ ಚರಿತ್ರೆಯನ್ನು ಹತ್ತಿರದಿಂದ ನೋಡುವುದಕ್ಕೆ ಸಿರುಗುಪ್ಪ ತಾಲ್ಲೂಕಿನ ರಾರಾವಿಯಂಥ ಊರು ತಕ್ಕ ಸ್ಥಳ. ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗಿ, ಚಿತ್ರದುರ್ಗದ ಸೀಮೆಯನ್ನು ದಾಟಿ ಬಳ್ಳಾರಿಯ ಬಯಲಿಗೆ ಬರುವ ಹೊತ್ತಿಗೆ ಜನರ ಬಾಯಲ್ಲಿ ಹಗರಿಯಾಗುತ್ತದೆ. ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿ ಈ ಹಗರಿಯನ್ನು ದಾಟುವುದು ರಾರಾವಿಯ ಬಳಿಯಲ್ಲಿ. ಪಶ್ಚಿಮಕ್ಕೆ ತುಂಗಭದ್ರೆ, ಅದರಾಚೆ ರಾಯಚೂರು ಸೀಮೆ, ಪೂರ್ವಕ್ಕೆ ಆದೋನಿಯ ಕೋಟೆ, ದಕ್ಷಿಣಕ್ಕೆ ಬಳ್ಳಾರಿ. ವರ್ಷದ ಬಹುಪಾಲು ಮರಳಷ್ಟೇ ಕಾಣುವ ಈ ನದಿ ಮಳೆಗಾಲದಲ್ಲಿ ಒಮ್ಮೆಲೇ ತುಂಬಿ ದಾರಿಯನ್ನು ಮುಚ್ಚಿಬಿಡುತ್ತದೆ; ಬೇಸಿಗೆಯ ಕೊನೆಗೆ ಬೀಸುವ ಪಡುವಣ ಗಾಳಿ ಹೊಳೆಯ ಮರಳನ್ನು ಎತ್ತಿ ಪೂರ್ವದ ದಂಡೆಯ ಹೊಲಗಳ ಮೇಲೆ ದಿಬ್ಬಗಳಾಗಿ ಸುರಿಯುವುದನ್ನು 20ನೇ ಶತಮಾನದ ಆರಂಭದ ಜಿಲ್ಲಾ ಗೆಜೆಟಿಯರ್ ದಾಖಲಿಸಿದೆ. ಮಳೆಯ ಪ್ರಮಾಣ ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್. ಅದೂ ಹೇಳಿದ ಹೊತ್ತಿಗೆ ಬರುವುದು ಕಡಿಮೆ. ಇಂಥ ನೆಲದಲ್ಲಿ ಒಕ್ಕಲುತನ ಮಾಡುವವರಿಗೆ ಅಲ್ಲಾಡದೆ ಕೂತಿರುವುದು ಎಂದೂ ಸಾಧ್ಯವಿರಲಿಲ್ಲ.

ವಲಸೆ ಎಂಬುದಕ್ಕೆ ಇಂದು ಇರುವ ಸಪ್ಪೆಯಾದ, ಎಲ್ಲಕ್ಕೂ ಒಗ್ಗುವ ಅರ್ಥ ಹಿಂದೆ ಇರಲಿಲ್ಲ. ದತ್ತ ಮಂಡಲದಲ್ಲಿ, ಎಂದರೆ 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಕಡಪ ಮುಂತಾದ ಸೀಮೆಗಳಲ್ಲಿ, ಅಧಿಕಾರಿಯಾಗಿದ್ದ ಸಿ. ಪಿ. ಬ್ರೌನ್ 1852ರಲ್ಲಿ ಹೊರತಂದ ತೆಲುಗು ನಿಘಂಟಿನಲ್ಲಿ ವಲಸ ಎಂದರೆ ಶತ್ರುಸೈನ್ಯದ ಭಯದಿಂದ ಮನೆ ಬಿಟ್ಟು ಓಡಿಹೋಗುವುದು ಎಂಬ ಅರ್ಥವನ್ನು ಕೊಟ್ಟಿದ್ದಾನೆ. ಅದಕ್ಕೂ ಮೊದಲು, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಈ ಪದವನ್ನು ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವಿವರಿಸಿದ. ದಂಡು ಬರುತ್ತಿದೆ ಎಂಬ ಸುದ್ದಿ ತಲುಪಿದೊಡನೆ ಜನ ಒಯ್ಯಲಾಗದ ಸಾಮಾನುಗಳನ್ನು ನೆಲದಲ್ಲಿ ಹೂತು, ಆರು ವರ್ಷ ದಾಟಿದ ಮಕ್ಕಳ ತಲೆಯ ಮೇಲೂ ಅಳವಿಗೆ ತಕ್ಕಷ್ಟು ಕಾಳಿನ ಗಂಟು ಹೊರಿಸಿ, ಯುದ್ಧವಿಲ್ಲದ ನಾಡಿನತ್ತ, ಅದು ಸಿಗದಿದ್ದರೆ ಕಾಡು ಬೆಟ್ಟಗಳತ್ತ ಸಾಗುತ್ತಿದ್ದರು. ದಂಡು ಬೇಗ ಹಿಂದಿರುಗದಿದ್ದರೆ ಅವರಲ್ಲಿ ಬಹಳ ಮಂದಿ ಹಸಿವಿನಿಂದ ಸಾಯುತ್ತಿದ್ದರು ಎಂಬುದು ಅವನ ವಿವರಣೆಯ ಸಾರ. ಕಂಪನಿಯ ಸೈನ್ಯ ಒಂದೇ ಬಂದಾಗ ಜನ ಹೀಗೆ ಎದ್ದುಹೋಗುತ್ತಿರಲಿಲ್ಲ ಎಂದು ಅವನು ಸೇರಿಸಿದ ಮಾತನ್ನು ಕಂಪನಿಯ ನೌಕರನೊಬ್ಬನ ಪಕ್ಷಪಾತವೆಂದು ಬದಿಗಿಟ್ಟರೂ, ಉಳಿದ ವರ್ಣನೆಯನ್ನು ಅನುಮಾನಿಸಲು ಕಾರಣವಿಲ್ಲ.

ಹಗರಿಯ ದಂಡೆ ಈ ಅರ್ಥದ ವಲಸೆಯನ್ನು ಎಷ್ಟು ಸಲ ಕಂಡಿತೆಂಬುದನ್ನು ಭೂಪಟವೇ ಹೇಳುತ್ತದೆ. ಬಹಮನಿ ಮತ್ತು ವಿಜಯನಗರದ ದೊರೆಗಳು ಎರಡು ಶತಮಾನ ಕಾದಾಡಿದ ರಾಯಚೂರು ದೋ ಆಬ್, ಎಂದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ಸೀಮೆ, ಇಲ್ಲಿಂದ ಒಂದು ಹೊಳೆಯಷ್ಟೇ ಆಚೆಗಿತ್ತು. ಆದೋನಿಯ ಕೋಟೆಗಾಗಿ ನಡೆದ ಕದನಗಳಿಗೆ ಹೋಗುವ ದಂಡುಗಳಿಗೆ ಈ ಬಯಲೇ ದಾರಿಯಾಗಿತ್ತು. 1775ರ ಸುಮಾರಿಗೆ ಬಳ್ಳಾರಿಯನ್ನು ಹೈದರ್ ಅಲಿ ವಶಪಡಿಸಿಕೊಂಡದ್ದು, 1786ರಲ್ಲಿ ಟಿಪ್ಪು ಆದೋನಿಗೆ ಮುತ್ತಿಗೆ ಹಾಕಿ ಗೆದ್ದದ್ದು, ಆಮೇಲೆ ನಿಜಾಮನ ಆಳ್ವಿಕೆ, ಕೊನೆಗೆ ಕಂಪನಿ: ಒಂದು ಜೀವಮಾನದೊಳಗೆ ಇಷ್ಟು ಸಲ ಒಡೆಯರು ಬದಲಾದ ಊರಿನಲ್ಲಿ ವಲಸೆಯೆಂಬುದು ಪುಸ್ತಕದ ಮಾತಾಗಿರಲಿಲ್ಲ.

ದಂಡಿನ ಭಯವಲ್ಲದೆ ತೆರಿಗೆಯ ಭಾರವೂ ಜನರನ್ನು ಎಬ್ಬಿಸುತ್ತಿತ್ತು. ತೆರಿಗೆ ತಾಳದೆ ಊರು ಬಿಟ್ಟವರನ್ನು ತೆರಿಗೆ ಇಳಿಸಿ ಮತ್ತೆ ಕರೆತಂದ ಸಂಗತಿಗಳು ವಿಜಯನಗರ ಕಾಲದ ಶಾಸನಗಳಲ್ಲಿಯೇ ಇವೆ. 1800ರಿಂದ 1807ರವರೆಗೆ ದತ್ತ ಮಂಡಲದ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು, ಎಂದರೆ ಸರ್ಕಾರವು ನಡುವೆ ಜಮೀನುದಾರನಿಲ್ಲದೆ ಪ್ರತಿಯೊಬ್ಬ ರೈತನಿಂದ ನೇರವಾಗಿ ಕಂದಾಯ ವಸೂಲು ಮಾಡುವ ಕ್ರಮವನ್ನು, ಇಲ್ಲಿ ಕಟ್ಟುವಾಗ ಎದುರಿಸಿದ ತೊಡಕುಗಳಲ್ಲಿ ಇದೂ ಒಂದು. ರೈತ ಹೊಲ ಬಿಟ್ಟು ಕಂದಾಯ ಕಡಿಮೆಯಿರುವ ಪಕ್ಕದೂರಿಗೋ ಹೊಳೆಯಾಚೆಗಿನ ನಿಜಾಮನ ಸೀಮೆಗೋ ಹೋಗಿಬಿಡುವ ಸಾಧ್ಯತೆ ಯಾವಾಗಲೂ ಇತ್ತು. ಕಂದಾಯವನ್ನು ಕಾಲುಭಾಗ ಇಳಿಸಬೇಕೆಂದು 1807ರಲ್ಲಿ ಅವನು ಶಿಫಾರಸು ಮಾಡಿದ್ದರ ಹಿಂದೆ ಈ ಅರಿವೂ ಇದ್ದಿರಬೇಕೆಂದು ಊಹಿಸಬಹುದು. ಸೈನ್ಯವಿಲ್ಲದವರಿಗೂ ಅಧಿಕಾರವಿಲ್ಲದವರಿಗೂ ಆಳುವವರ ಮುಂದೆ ಚೌಕಾಸಿ ಮಾಡಲು ಇದ್ದ ಬಲ ಹೊರಟುಹೋಗುವುದೊಂದೇ ಆಗಿತ್ತು. ಭೂಮಿಯ ಸರ್ವೆ ಬಿಗಿಯಾದಂತೆ, ಬೀಳುನೆಲ ಕಡಿಮೆಯಾದಂತೆ, ಆ ಬಲವೂ ಕರಗಿತು.

ಗುಳೆಯ ಸ್ವಭಾವ ಇದಕ್ಕಿಂತ ಬೇರೆ. ಅದಕ್ಕೊಂದು ಪಂಚಾಂಗವಿದೆ. ಹಗರಿಯ ಎರೆಭೂಮಿಯಲ್ಲಿ, ಎಂದರೆ ತೇವವನ್ನು ಬಹುಕಾಲ ಹಿಡಿದಿಡುವ ಕಪ್ಪು ಜಿಗುಟು ಮಣ್ಣಿನಲ್ಲಿ, ಜೋಳ ಮತ್ತು ಕಡಲೆಯ ಬಿತ್ತನೆ ಹಿಂಗಾರಿಗೆ, ಕೊಯ್ಲು ಸಂಕ್ರಾಂತಿಯ ಆಚೀಚೆ. ಕಣದ ಕೆಲಸ ಮುಗಿದ ಮೇಲೆ ಮುಂದಿನ ಮಳೆಯವರೆಗೆ ಹೊಲದಲ್ಲಿ ಮಾಡಲು ಏನೂ ಇರುವುದಿಲ್ಲ. ಆ ಖಾಲಿ ತಿಂಗಳುಗಳಲ್ಲಿ ದುಡಿಮೆ ಇರುವ ಕಡೆಗೆ ಹೋಗಿ, ಯುಗಾದಿಗೋ ಊರಮ್ಮನ ಜಾತ್ರೆಗೋ ಅಲಾಯಿ ಹಬ್ಬಕ್ಕೋ ಒಮ್ಮೆ ಬಂದುಹೋಗಿ, ರೋಹಿಣಿ ಮಳೆಯ ಹೊತ್ತಿಗೆ ಹೊಲದಲ್ಲಿರುವುದು ಗುಳೆಯ ಕ್ರಮ. ಹಿಂಗಾರು ಕೈಕೊಟ್ಟ ವರ್ಷ ದೀಪಾವಳಿಗೇ ಗುಳೆ ಏಳುತ್ತದೆ. ಹೊರಡುವ ಕುಟುಂಬ ಕಟಿರೊಟ್ಟಿ, ಜೋಳದ ಹಿಟ್ಟು, ಕೆಂಪುಖಾರ, ಹಾಸಿಗೆಯ ಸುರುಳಿ, ಕೊಡ, ಕುಡುಗೋಲುಗಳನ್ನು ಗಂಟು ಕಟ್ಟುತ್ತದೆ. ಎಮ್ಮೆಯನ್ನು ಅರ್ಧ ಪಾಲಿನ ಮಾತಿನ ಮೇಲೆ ನೆಂಟರ ಮನೆಗೆ ಹೊಡೆಯುತ್ತದೆ. ನಡೆಯಲಾರದ ಮುದುಕರನ್ನೂ ಶಾಲೆಗೆ ಹೋಗುವ ಮಗುವನ್ನೂ ಮನೆಯಲ್ಲಿ ಬಿಟ್ಟು, ಯಾರೂ ಉಳಿಯದ ಮನೆಯಾದರೆ ಬೀಗದ ಮುಂದೆ ಒಂದು ಮುಳ್ಳುಕಂಟಿಯನ್ನೂ ಇಟ್ಟು ಹೋಗುತ್ತದೆ. ಈ ಎಲ್ಲ ಏರ್ಪಾಡುಗಳಲ್ಲಿಯೂ ಎದ್ದು ಕಾಣುವುದು ಮರಳಿ ಬರುವ ನಿಶ್ಚಯ. ಗುಳೆ ಹೋಗುವವರು ಊರು ತೊರೆಯುವವರಲ್ಲ, ಊರನ್ನು ಉಳಿಸಿಕೊಳ್ಳುವುದಕ್ಕಾಗಿ ಕೆಲಕಾಲ ಹೊರಗಿರುವವರು. ವಲಸೆಯ ಚಿಕ್ಕ ರೂಪವೆಂದು ಗುಳೆಯನ್ನು ಭಾವಿಸುವ ಅಭ್ಯಾಸ ಇಲ್ಲಿಯೇ ತಪ್ಪುತ್ತದೆ. ಉದ್ದೇಶದಲ್ಲಿ ಅದು ವಲಸೆಗೆ ವಿರುದ್ಧವಾದ ಕ್ರಿಯೆ.

ಈ ನಿಶ್ಚಯಕ್ಕೆ ದೇವರ ಸಾಕ್ಷಿಯೂ ಇದೆ. ಜಿಲ್ಲೆಯ ಪಶ್ಚಿಮಕ್ಕಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು ಭಾಗದಲ್ಲಿ ಗುಳೆ ಲಕ್ಕಮ್ಮ ಎಂಬ ದೇವತೆಯ ಜಾತ್ರೆ ನಡೆಯುತ್ತದೆ. ಆಗ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊರಗಿನ ಬಯಲಿನಲ್ಲಿ ಬಿಡಾರ ಹೂಡಿ, ಅಲ್ಲಿಯೇ ಅಡಿಗೆ ಊಟ ಪೂಜೆ ಮಾಡಿ, ಮತ್ತೆ ಒಳಗೆ ಬರುತ್ತದೆ. ಕರ್ನಾಟಕದ ಬೇರೆ ಕಡೆಗಳಲ್ಲಿ ಇಂಥ ಆಚರಣೆಯನ್ನು ಹೊರಬೀಡು ಎನ್ನುತ್ತಾರೆ. ರೋಗ ಬಂದಾಗ ಊರು ಖಾಲಿ ಮಾಡುವ ಹಳೆಯ ಅನುಭವದ ನೆನಪು ಇಂಥ ಆಚರಣೆಗಳಲ್ಲಿ ಉಳಿದಿದೆ ಎನ್ನುವುದಕ್ಕೆ ಅವಕಾಶವಿದೆ. 1898ರಲ್ಲಿ ಬಳ್ಳಾರಿ ಜಿಲ್ಲೆಗೆ ಪ್ಲೇಗು ಕಾಲಿಟ್ಟಾಗ ಜನರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಊರಿನ ಮಾಳಿಗೆಗಳು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೂ ಅದು ಗುಳೆಯೇ ಆಗಿತ್ತು. ಎಷ್ಟು ದೂರ ಹೋದರು ಎಂಬುದರಿಂದ ಗುಳೆಯನ್ನು ಅಳೆಯಲಾಗದು.

ಆದರೆ ಗುಳೆ ತಾನಾಗಿಯೇ ವಲಸೆಯಾಗಿಬಿಡುವ, ಅದಕ್ಕೂ ಮೀರಿ ಯಾವ ಹೆಸರಿಗೂ ನಿಲುಕದ ಅಲೆದಾಟವಾಗುವ ಕಾಲವೂ ಬರುತ್ತದೆ. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರಕ್ಕೂ ಚಾಚಿಕೊಂಡ 1876ರಿಂದ 1878ರ ಬರವನ್ನು ಈ ಸೀಮೆಯ ಹಿರಿಯರು ಮೂರು ತಲೆಮಾರುಗಳವರೆಗೆ ಧಾತು ಬರವೆಂದೇ ನೆನೆದರು. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871ರ ಹೊತ್ತಿಗೆ ಗುಂತಕಲ್ ಕಡೆಯಿಂದ ಬಳ್ಳಾರಿಗೆ ರೈಲು ಬಂದಿತ್ತು, ಆ ರೈಲು ಬರದ ನಡುವೆಯೂ ಧಾನ್ಯ ತಂದಿಳಿಸುತ್ತಿತ್ತು. ಕೊಳ್ಳುವ ಶಕ್ತಿ ಜನರಲ್ಲಿರಲಿಲ್ಲ. ಮುಂಗಾರು ಹಿಂಗಾರು ಎರಡೂ ಹೋದ ಮೇಲೆ ಗುಳೆ ಹೋಗುವವರಿಗೆ ಎದುರಾದ ಸಂಕಟವೆಂದರೆ, ಯಾವ ದಿಕ್ಕಿಗೆ ಹೋದರೂ ಅಲ್ಲಿಂದಲೇ ಜನ ಎದ್ದು ಬರುತ್ತಿದ್ದರು. ಪಕ್ಕದ ಮೈಸೂರು, ಧಾರವಾಡ, ಕಡಪ, ರಾಯಚೂರು ಎಲ್ಲವೂ ಒಂದೇ ಬರದೊಳಗೆ ಸಿಕ್ಕಿದ್ದವು. ಗುಳೆ ನಡೆಯಬೇಕಾದರೆ ಒಂದು ಕಡೆ ಕೆಲಸವಿಲ್ಲದಾಗ ಇನ್ನೊಂದು ಕಡೆ ಇರಬೇಕು. ಆ ವರ್ಷ ಈ ಏರ್ಪಾಡೇ ಮುರಿದುಬಿತ್ತು.

1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಪ್ರತಿನಿಧಿಯಾಗಿ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತ್ಯಕ್ಕೆ ಬಂದಾಗ ಪರಿಹಾರ ಕಾಮಗಾರಿಗಳ ನಿಯಮಗಳು ಬಿಗಿಯಾದವು. ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್, ಎಂದರೆ ಅರ್ಧ ಕಿಲೋಗಿಂತ ತುಸು ಕಡಿಮೆ, ಧಾನ್ಯ ಕೊಳ್ಳುವಷ್ಟಕ್ಕೆ ಮತ್ತು ಅದರ ಮೇಲೊಂದಿಷ್ಟು ಚಿಲ್ಲರೆಗೆ ಇಳಿಸಲಾಯಿತು. ಪ್ರಾಂತ್ಯದ ಆರೋಗ್ಯ ಅಧಿಕಾರಿಯಾಗಿದ್ದ ಡಾ. ಕಾರ್ನಿಷ್ ಇದು ದುಡಿಯುವ ದೇಹವನ್ನು ಉಳಿಸಲಾರದೆಂದು ಬಹಿರಂಗವಾಗಿ ವಿರೋಧಿಸಿದ. ಕೂಲಿಯ ಜೊತೆಗೆ ದೂರದ ಪರೀಕ್ಷೆಯೂ ಬಂತು: ಮೈಗಟ್ಟಿರುವವರಿಗೆ ಮನೆಯಿಂದ ಹತ್ತು ಮೈಲಿಯ ಒಳಗೆ ಕೆಲಸ ಕೊಡಬಾರದು, ಅಷ್ಟು ದೂರ ಬಂದು ಶಿಬಿರದಲ್ಲಿರಲು ಒಪ್ಪುವವನೇ ನಿಜವಾದ ಬಡವ ಎಂಬುದು ಅದರ ತರ್ಕ. ಹುಟ್ಟಿದ ನೆಲದಲ್ಲಿ ಉಳಿಯುವ ಸಲುವಾಗಿ ನಡೆಯುತ್ತಿದ್ದ ಜನರಿಗೆ ನಡೆಯುವುದನ್ನೇ ಶಿಕ್ಷೆಯಾಗಿಸಿದ ಈ ನಿಯಮ ಆ ಬರದ ಅತ್ಯಂತ ಕ್ರೂರ ಅಧ್ಯಾಯಗಳಲ್ಲಿ ಒಂದು. 1871ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಗ್ಗಿತು. ಆ ಲೆಕ್ಕದಲ್ಲಿ ಸತ್ತವರನ್ನೂ ಹೋದವರನ್ನೂ ಹೋಗುವ ದಾರಿಯಲ್ಲಿ ಸತ್ತವರನ್ನೂ ಬಿಡಿಸಿ ನೋಡುವುದು ಸಾಧ್ಯವಿಲ್ಲ.

ಬರದ ಬಳಿಕ ನೇಮಕವಾದ ಕ್ಷಾಮ ಆಯೋಗದ ವರದಿಯನ್ನು ಅನುಸರಿಸಿ 1883ರಿಂದ ಕ್ಷಾಮ ಸಂಹಿತೆಗಳು, ಎಂದರೆ ಬರ ಬಂದಾಗ ಅಧಿಕಾರಿಗಳು ಏನು ಮಾಡಬೇಕೆಂಬ ನಿಯಮಾವಳಿಗಳು, ಸಿದ್ಧವಾದವು. ಜನ ಗೊತ್ತುಗುರಿಯಿಲ್ಲದೆ ಅಲೆಯತೊಡಗುವುದನ್ನು ಬರದ ಮುನ್ಸೂಚನೆಗಳಲ್ಲಿ ಒಂದಾಗಿ ಗಮನಿಸಬೇಕೆಂದು ಅವು ವಿಧಿಸಿದವು. ಅಲೆದಾಟ ಬೇರೆ, ದುಡಿಮೆಗಾಗಿ ಹೋಗುವುದು ಬೇರೆ ಎಂಬ ವಿವೇಕ ಹೀಗೆ ತಡವಾಗಿ, ಅಪಾರ ಜೀವಗಳ ಬೆಲೆ ತೆತ್ತು, ಆಡಳಿತದ ಭಾಷೆಯೊಳಗೆ ಬಂತು. ಮುಂದೆ 1911ರ ಜನಗಣತಿಯ ವರದಿ ಸ್ಥಳಾಂತರವನ್ನು ಪಕ್ಕದೂರುಗಳ ನಡುವಿನ ಆಕಸ್ಮಿಕ ಓಡಾಟ, ತಾತ್ಕಾಲಿಕ, ನಿಯತಕಾಲಿಕ, ಅರೆಶಾಶ್ವತ, ಶಾಶ್ವತ ಎಂದು ಐದಾಗಿ ವಿಂಗಡಿಸಿತು. ಮೊದಲ ಬಗೆಯಲ್ಲಿ ಬಹುಪಾಲು ಮದುವೆಯಾಗಿ ಗಂಡನ ಮನೆಗೆ ಹೋಗುವ ಹೆಣ್ಣುಮಕ್ಕಳೇ ಇದ್ದರು. ಮೂರನೆಯ ನಿಯತಕಾಲಿಕವೆಂಬುದು ಗುಳೆಗೆ ಬಹಳ ಹತ್ತಿರದ್ದು. ಸ್ವಾತಂತ್ರ್ಯದ ನಂತರದ ಕನ್ನಡ ಆಡಳಿತ ಬರವಣಿಗೆ ಈ ವಿಂಗಡಣೆಯನ್ನು ಬೆಳೆಸುವ ಬದಲು ಎಲ್ಲವನ್ನೂ ವಲಸೆಯೊಳಗೆ ಸುರಿದದ್ದು ದೊಡ್ಡ ನಷ್ಟ. ಪ್ರತಿವರ್ಷ ತಪ್ಪದೆ ಮರಳುವ ಹಕ್ಕಿಗಳೂ ಈಗ ವಲಸೆ ಹಕ್ಕಿಗಳೇ.

ಕುರುಬರ ಸಂಚಾರವನ್ನು ಇಲ್ಲಿ ಒಂದು ಮಾತಿನಲ್ಲಾದರೂ ಹೇಳಬೇಕು. ಬಳ್ಳಾರಿ ತಳಿಯೆಂದೇ ಹೆಸರಾದ ಕುರಿಗಳ ಹಿಂಡುಗಳೊಡನೆ ಮೇವು ನೀರು ಅರಸಿ ಹೋಗುವ ಈ ಜನರಿಗೆ ಕೊಯ್ಲಾದ ಹೊಲಗಳ ಒಡೆಯರು ಕಾಳೋ ಹಣವೋ ಕೊಟ್ಟು ಮಂದೆ ತರುಬಿಸಿಕೊಳ್ಳುತ್ತಾರೆ. ಕುರಿಗಳು ರಾತ್ರಿ ನಿಂತ ನೆಲಕ್ಕೆ ಗೊಬ್ಬರ ಸಿಗುತ್ತದೆ. ಅವರಿಗೆ ಚಲನೆಯೇ ಕಸುಬಾದುದರಿಂದ ಅದನ್ನು ಗುಳೆಯೆಂದಾಗಲಿ ವಲಸೆಯೆಂದಾಗಲಿ ಕರೆಯಲಾಗದು.

ಎರಡು ಚಲನೆಗಳನ್ನೂ ಬುಡಸಮೇತ ಬದಲಿಸಿದ್ದು ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆಯಾಗಿ 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟ ಈ ಯೋಜನೆಗಾಗಿ ಸುಮಾರು 90 ಹಳ್ಳಿಗಳು ಮುಳುಗಿ 50 ಸಾವಿರಕ್ಕೂ ಮಿಕ್ಕ ಜನ ನೆಲೆ ಕಳೆದುಕೊಂಡರು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮರಳಲು ಊರೇ ಇಲ್ಲದ ಮೇಲೆ ಅದು ವಲಸೆಯೇ. ಅದೇ 1953ರ ಅಕ್ಟೋಬರ್ 1ರಂದು ಸಿರುಗುಪ್ಪ, ಬಳ್ಳಾರಿ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದಾಗ, ರಾರಾವಿಯ ಜನರು ಹತ್ತಿಯ ಪೇಟೆಗೆಂದು ತಲೆಮಾರುಗಳಿಂದ ಹೋಗಿಬರುತ್ತಿದ್ದ ಆದೋನಿ ಪರರಾಜ್ಯವಾಯಿತು. ಒಬ್ಬರೂ ಕದಲದೆ, ಗಡಿಯೇ ಕದಲಿತು. ಇಂಗ್ಲಿಷಿನ ಎಮಿಗ್ರೇಷನ್ ಲೆಕ್ಕದಲ್ಲಿ ಆ ದಿನದಿಂದ ಆದೋನಿಗೆ ದುಡಿಯಲು ಹೋದವರು ಹೊರರಾಜ್ಯಕ್ಕೆ ಹೋದವರು. ಊರಿನವರ ಲೆಕ್ಕದಲ್ಲಿ ಏನೂ ಬದಲಾಗಿರಲಿಲ್ಲ.

ಕಾಲುವೆಯ ನೀರು ಬಂದ ಮೇಲೆ ಕರಾವಳಿ ಆಂಧ್ರದ ಕೃಷ್ಣಾ ಗೋದಾವರಿ ಮುಖಜಭೂಮಿಯ ರೈತರು ಅಲ್ಲಿನ ಜಮೀನು ಮಾರಿ, ಇಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಎರೆಹೊಲಗಳನ್ನು ಕೊಂಡು, ಕ್ಯಾಂಪುಗಳೆಂದು ಇಂದಿಗೂ ಕರೆಯಲಾಗುವ ವಸತಿಗಳನ್ನು ಕಟ್ಟಿಕೊಂಡರು. ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳ ಭತ್ತದ ಬಯಲಿನ ಚರಿತ್ರೆಯಲ್ಲಿ ಈ ವಲಸೆಗಾರರ ದುಡಿಮೆಗೆ ದೊಡ್ಡ ಪಾಲಿದೆ. ಆದರೆ ಕಾಲುವೆಗಳನ್ನು ರೂಪಿಸಿದವರು ಮನಸ್ಸಿನಲ್ಲಿಟ್ಟುಕೊಂಡದ್ದು ಬಹುಪಾಲು ಲಘು ನೀರಾವರಿಯನ್ನು, ಎಂದರೆ ಜೋಳ ಹತ್ತಿಗಳಿಗೆ ಬರ ತಟ್ಟದಂತೆ ತೆಳುವಾಗಿ ಹೆಚ್ಚು ಹೊಲಗಳಿಗೆ ನೀರು ಹಂಚುವ ಕ್ರಮವನ್ನು; ಮೇಲ್ಭಾಗದಲ್ಲಿ ಭತ್ತ ಬೆಳೆದಂತೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪುವುದು ದುಸ್ತರವಾಯಿತು. ಬರವನ್ನು ತಡೆಯಲೆಂದು ಕಟ್ಟಿದ ಯೋಜನೆಯ ಅಚ್ಚುಕಟ್ಟಿನೊಳಗೇ ಒಂದು ತುದಿಯಲ್ಲಿ ನಾಟಿಗೆ ಆಳು ಸಾಲದೆ ಹೊರಗಿನಿಂದ ಕರೆಸುವುದೂ ಇನ್ನೊಂದು ತುದಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದೂ ಒಟ್ಟಿಗೆ ನಡೆಯತೊಡಗಿದವು. ಹಿಂದಿನ ಗುಳೆಯಲ್ಲಿ ಇಲ್ಲದ ಮೇಸ್ತ್ರಿಯ ಮುಂಗಡ ಇಂದಿನ ಗುಳೆಯನ್ನು ಬಿಗಿದಿದೆ. ಸಾಲವಾಗಿ ಕೊಟ್ಟ ಆ ಹಣ ತೀರುವವರೆಗೆ ಮರಳುವ ದಿನ ಹೋದವರ ಕೈಯಲ್ಲಿರುವುದಿಲ್ಲ, ಮರಳುವ ದಿನ ಕೈತಪ್ಪಿದಷ್ಟೂ ಗುಳೆ ವಲಸೆಯತ್ತ ಸರಿಯುತ್ತದೆ.

ಹಗರಿಯಾಚೆಯ ಆದೋನಿ, ಕೋಸಿಗಿ ಭಾಗದ ತೆಲುಗಿನಲ್ಲಿ ಗುಂಟೂರಿನ ಮೆಣಸಿನಕಾಯಿ ಕೊಯ್ಲಿಗೆ ಕುಟುಂಬಸಮೇತ ಹೋಗುವುದನ್ನು ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ಇತ್ತ ದಂಡೆಯಲ್ಲಿ ತನ್ನ ಹೊಲದ ಪೈರು ಮನೆಗೆ ಬರುವ ಸಂಭ್ರಮಕ್ಕಿರುವ ಹೆಸರು ಅತ್ತ ದಂಡೆಯಲ್ಲಿ ಪರರ ಹೊಲದ ಪೈರು ಕೊಯ್ಯಲು ಮನೆ ಬಿಡುವುದಕ್ಕೆ ನಿಂತಿದೆ. ಅಲ್ಲಿಯೂ ಹೋಗುವವರ ಮನಸ್ಸು ಮರಳುವುದರ ಮೇಲೆಯೇ ಇದೆ.

2005ರ ಉದ್ಯೋಗ ಖಾತರಿ ಕಾಯ್ದೆ ಗುಳೆ ತಡೆಯುವುದನ್ನು ತನ್ನ ಸಾಧನೆಗಳಲ್ಲಿ ಎಣಿಸಿಕೊಂಡಿತು, ರೇಷನ್ ಕಾರ್ಡನ್ನು ಹೋದಲ್ಲಿ ಬಳಸುವ ಸೌಲಭ್ಯವೂ ಬಂತು. ಗುಳೆಯನ್ನು ಎಣಿಸುವ ಅಳತೆಗೋಲು ಮಾತ್ರ ಇನ್ನೂ ಹೊಂದಿಕೊಂಡಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆ 2007–08ರ ಸುತ್ತಿನಲ್ಲಿ, ಹಿಂದಿನ 365 ದಿನಗಳಲ್ಲಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳು ಮೀರದೆ ದುಡಿಮೆಗಾಗಿ ಹೊರಗಿದ್ದವರನ್ನು ಅಲ್ಪಾವಧಿ ವಲಸಿಗರೆಂದು ಎಣಿಸಿತು. ನಾಟಿಯ ದಿನಗಳಲ್ಲಿ ಬೆಳಿಗ್ಗೆ ಹೊಳೆ ದಾಟಿ ಸಂಜೆ ಮರಳುವ ಹೆಣ್ಣಾಳುಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಹಿಂಗಾರು ಹೋದ ವರ್ಷ ದೀಪಾವಳಿ ಮುಗಿಸಿ ಹೊರಟು, ಮೇ ತಿಂಗಳ ಕೊನೆಯ ರೋಹಿಣಿ ಮಳೆಗೆ ಹೊಲಕ್ಕೆ ಮರಳುವ ಕುಟುಂಬವೋ ಆರು ತಿಂಗಳ ಗೆರೆಯನ್ನು ದಾಟಿರುತ್ತದೆ. ಮುಳ್ಳುಕಂಟಿ ತೆಗೆದು ತನ್ನದೇ ಮನೆಯ ಬೀಗ ತೆರೆಯುವ ಆ ಕುಟುಂಬವನ್ನು ಅಂಕಿಅಂಶಗಳು ವಾಸಸ್ಥಳ ಬದಲಿಸಿ ಹೊರಟುಹೋದವರ ಸಾಲಿಗೆ ಸೇರಿಸುತ್ತವೆ.